ನಷ್ಟಕ್ಕೆ ಪಾಲುದಾರನಿಲ್ಲ: ಘಟ್ಟದ ಮೇಲೂ ಕೆಳಗೂ ಹೊಸ ಉದ್ಯಮದ ತೆರಿಗೆ ಲೆಕ್ಕ

2025ರ ಫೆಬ್ರವರಿ 1ರ ಬಜೆಟ್‌ನಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದು ಘೋಷಣೆಯಾದಾಗ, ಇನ್ನು ಯುವಕರು ಧೈರ್ಯವಾಗಿ ಸ್ವಂತ ಉದ್ಯಮಕ್ಕೆ ಇಳಿಯುತ್ತಾರೆ ಎಂಬ ಮಾತೂ ಜೊತೆಗೇ ಬಂತು. ದರ ಇಳಿದರೆ ಉದ್ಯಮ ಏಳುತ್ತದೆ, ದರ ಏರಿದರೆ ಮಲಗುತ್ತದೆ ಎಂಬ ಲೆಕ್ಕ ಕೇಳಲು ಸಸಾರ. ಆದರೆ ನಮ್ಮ ಉತ್ತರ ಕನ್ನಡದ ಶಿರಸಿಯಲ್ಲೋ ಕುಮಟೆಯಲ್ಲೋ ಹೊಸದಾಗಿ ಅಂಗಡಿ ಹಾಕಲು ಹೊರಟವರು ಆಡಿಟರ್ ಎದುರು ಕೂತಾಗ ದರ ಎಷ್ಟು ಎಂದು ವಿಚಾರಿಸುವುದು ಅಪರೂಪ. ‘ಯಾರ ಹೆಸರಲ್ಲಿ ಮಾಡಿದ್ರೆ ಒಳ್ಳೇದು?’ ಎಂಬುದೇ ಅವರ ಮೊದಲ ಪ್ರಶ್ನೆ. ಅಪ್ಪನ ಹೆಸರಲ್ಲೋ, ಹೆಂಡತಿಯ ಹೆಸರಲ್ಲೋ, ಅಣ್ಣತಮ್ಮ ಸೇರಿ ಪಾಲುದಾರಿಕೆಯಲ್ಲೋ? ಬಜೆಟ್ ಚರ್ಚೆ ಮಾಡುವ ಅರ್ಥಶಾಸ್ತ್ರಜ್ಞರಿಗಿಂತ ಇವರಿಗೆ ವಿಷಯ ಚೆನ್ನಾಗಿ ಗೊತ್ತಿದೆ ಎಂದು ನನ್ನ ಅನಿಸಿಕೆ.

ಮೊದಲು ದರದ ಮಾತನ್ನೇ ಮುಗಿಸಿಬಿಡೋಣ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ಸೊನ್ನೆ. ಅಲ್ಲಿಂದ ಪ್ರತಿ 4 ಲಕ್ಷಕ್ಕೊಂದು ಮೆಟ್ಟಿಲು: ಶೇ 5, 10, 15, 20, 25, ಕೊನೆಗೆ 24 ಲಕ್ಷ ದಾಟಿದ ಮೇಲೆ ಶೇ 30. ಹೀಗೆ ಬಂದ ತೆರಿಗೆಯ ಮೇಲೆ ಶೇ 4 ಸೆಸ್. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 60 ಸಾವಿರದವರೆಗೆ ರಿಬೇಟು, ಎಂದರೆ ತೆರಿಗೆಯಲ್ಲೇ ರಿಯಾಯಿತಿ, ಸಿಗುವುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆಗೆ ಬರುತ್ತದೆ. ಇದರ ಜೊತೆಗೆ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯದ ಸವಲತ್ತಿದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮಿನ ಸಂಖ್ಯೆಗಳೆಲ್ಲ ಬದಲಾದರೂ ಜನರ ಬಾಯಲ್ಲಿ ಅದು ಇನ್ನೂ 44ಎಡಿ. ಲೆಕ್ಕಪುಸ್ತಕ ಇಡುವ ರಗಳೆಯಿಲ್ಲ. ವಹಿವಾಟಿನ ಶೇ 8ರಷ್ಟನ್ನು, ಹಣ ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದಿದ್ದರೆ ಶೇ 6ರಷ್ಟನ್ನು ಆದಾಯ ಎಂದು ತೋರಿಸಿದರೆ ಸಾಕು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಈಗ ಕೂಡಿಸಿ ನೋಡಿ. ಕಾರವಾರದಲ್ಲಿ ಕಿರಾಣಿ ಅಂಗಡಿ ಇಟ್ಟವನೊಬ್ಬ ವರ್ಷಕ್ಕೆ 2 ಕೋಟಿ ವಹಿವಾಟು ಮಾಡಿ, ಅಷ್ಟನ್ನೂ ಯುಪಿಐನಲ್ಲೇ ಪಡೆದು, ಕೈಗೆ ಉಳಿಯುವುದು ಶೇ 6 ಎಂದರೆ ಅವನ ಆದಾಯ 12 ಲಕ್ಷ. ತೆರಿಗೆ ಸೊನ್ನೆ. 1973-74ರಲ್ಲಿ ಇದೇ ದೇಶದಲ್ಲಿ ಗರಿಷ್ಠ ದರ ಸರ್ಚಾರ್ಜ್ ಸೇರಿ ಶೇ 97.75 ಇತ್ತು ಎಂಬುದನ್ನು ನೆನೆದರೆ ನಾವು ಎಷ್ಟು ದೂರ ಬಂದಿದ್ದೇವೆ ಎಂದು ತಿಳಿಯುತ್ತದೆ. ಹಾಗಿದ್ದರೆ ವೈಯಕ್ತಿಕ ಆದಾಯ ತೆರಿಗೆ ಹೊಸ ಉದ್ಯಮಕ್ಕೆ ಅಡ್ಡಿಯೇ ಅಲ್ಲವಲ್ಲ?

ಬೇರೆ ಯಾವ ಆದಾಯವೂ ಇಲ್ಲದವನಿಗೆ ಅಡ್ಡಿಯಲ್ಲ, ನಿಜ. ಆದರೆ ಬೇರೆ ಆದಾಯವೇ ಇಲ್ಲದವನ ಕೈಯಲ್ಲಿ ಬಂಡವಾಳ ಎಲ್ಲಿರುತ್ತದೆ? ನಮ್ಮ ಜಿಲ್ಲೆಯಲ್ಲಿ ಹೊಸದೊಂದಕ್ಕೆ ಕೈಹಾಕಲು ನಾಲ್ಕು ಕಾಸು ಇರುವುದು ಅಡಿಕೆ ತೋಟದವರ ಬಳಿ, ಸಂಬಳದವರ ಬಳಿ, ಇಲ್ಲವೇ ನಾಲ್ಕು ಜನ ಸೇರಿ ಕೂಡಿಹಾಕಿದ ಕಡೆ. ಈ ಮೂರೂ ಕಡೆ ಸೊನ್ನೆ ದರ ತಲುಪುವ ಹೊತ್ತಿಗೆ ಸೊನ್ನೆಯಾಗಿ ಉಳಿದಿರುವುದಿಲ್ಲ.

ಕಯಾಕಿನ ಲೆಕ್ಕ

ತೆರಿಗೆ ಮತ್ತು ಸಾಹಸದ ಸಂಬಂಧದ ಬಗ್ಗೆ ಇವತ್ತಿಗೂ ಎಲ್ಲರೂ ಮರಳಿ ಹೋಗುವ ಬರಹ 1944ರದ್ದು. ಎವ್ಸೆ ಡೋಮರ್ ಮತ್ತು ರಿಚರ್ಡ್ ಮಸ್‌ಗ್ರೇವ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆಗ ಒಂದು ವಿಚಿತ್ರವೆನಿಸುವ ಮಾತು ಹೇಳಿದರು: ಸರ್ಕಾರ ಲಾಭದಲ್ಲಿ ಪಾಲು ತೆಗೆದುಕೊಳ್ಳುವಂತೆ ನಷ್ಟದಲ್ಲೂ ಅಷ್ಟೇ ಪಾಲು ಹೊತ್ತರೆ, ತೆರಿಗೆ ಹೆಚ್ಚಿದ್ದರೂ ಜನ ಹೆಚ್ಚು ಅಪಾಯಕ್ಕೆ ಕೈಹಾಕಬಹುದು.

ನಮ್ಮ ಕಡೆಯ ಉದಾಹರಣೆಯನ್ನೇ ಇಡುತ್ತೇನೆ. ಹೊನ್ನಾವರದಲ್ಲಿ ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರಿಗೆ ಕಯಾಕ್ ಓಡಿಸುವ ವ್ಯವಹಾರ ಎಂದಿಟ್ಟುಕೊಳ್ಳಿ. 10 ಲಕ್ಷ ಬಂಡವಾಳ. ಸೀಸನ್ ಕೈಹಿಡಿದರೆ 6 ಲಕ್ಷ ಲಾಭ, ಕೈಕೊಟ್ಟರೆ 4 ಲಕ್ಷ ನಷ್ಟ, ಎರಡಕ್ಕೂ ಸಮಸಮ ಅವಕಾಶ. ತೆರಿಗೆಯೇ ಇಲ್ಲದಿದ್ದರೆ ಸರಾಸರಿ ನಿರೀಕ್ಷೆ 1 ಲಕ್ಷ. ಈಗ ಶೇ 30 ತೆರಿಗೆ ಹಾಕಿ, ನಷ್ಟದಲ್ಲೂ ಶೇ 30ನ್ನು ಸರ್ಕಾರ ಹೊರುತ್ತದೆ ಎನ್ನಿ. ಲಾಭ 4.2 ಲಕ್ಷಕ್ಕೆ ಇಳಿಯಿತು, ನಷ್ಟವೂ 2.8 ಲಕ್ಷಕ್ಕೆ ಇಳಿಯಿತು. ಸರಾಸರಿ 70 ಸಾವಿರ. ಗಳಿಕೆಯೂ ಅಪಾಯವೂ ಒಂದೇ ಪ್ರಮಾಣದಲ್ಲಿ ತಗ್ಗಿದವು. ಎದೆಗಾರಿಕೆ ಇರುವವನು ಇನ್ನೂ ನಾಲ್ಕು ಕಯಾಕ್ ತರಿಸಿ ಮೊದಲಿನ ಮಟ್ಟಕ್ಕೇ ಹೋದಾನು.

ಇನ್ನೊಂದು ಬಗೆ ನೋಡಿ. ಲಾಭದ ಮೇಲೆ ಶೇ 30 ತೆರಿಗೆ ಉಂಟು, ನಷ್ಟವಾದರೆ ಮಾತ್ರ ಎಲ್ಲವೂ ನಿನ್ನದೇ. ಗೆದ್ದರೆ 4.2 ಲಕ್ಷ, ಸೋತರೆ ಪೂರ್ತಿ 4 ಲಕ್ಷ. ಸರಾಸರಿ ಕೇವಲ 10 ಸಾವಿರ! ಕಾಗದದ ಮೇಲೆ ದರ ಶೇ 30. ನಿರೀಕ್ಷಿತ ಗಳಿಕೆಯ ಮೇಲೆ ಬಿದ್ದದ್ದು ಶೇ 90. ಇಷ್ಟು ಸಣ್ಣ ಆಸೆಗೆ 10 ಲಕ್ಷವನ್ನು ನೀರಿಗೆ ಇಳಿಸುವ ಬದಲು ಬ್ಯಾಂಕಿನಲ್ಲಿ ಎಫ್‌ಡಿ ಇಡುವುದೇ ಜಾಣತನ. ನಮ್ಮಲ್ಲಿ ಬಹಳ ಜನ ಮಾಡುವುದೂ ಅದನ್ನೇ.

ಮೆಟ್ಟಿಲು ಮೆಟ್ಟಿಲಾಗಿ ಏರುವ ದರಗಳೂ ಇದೇ ಕೆಲಸ ಮಾಡುತ್ತವೆ. ಸೋತಾಗ ಕೆಳಗಿನ ಸ್ಲ್ಯಾಬ್, ಗೆದ್ದಾಗ ಮೇಲಿನದು. ಇದನ್ನು ಗೆಲುವಿನ ಮೇಲಿನ ತೆರಿಗೆ ಎಂದು ಕರೆದವರು ಅಮೆರಿಕದ ವಿಲಿಯಂ ಜೆಂಟ್ರಿ ಮತ್ತು ಗ್ಲೆನ್ ಹಬಾರ್ಡ್. 2000ದ ಅವರ ಅಧ್ಯಯನದ ಪ್ರಕಾರ ಸ್ಲ್ಯಾಬ್‌ಗಳ ಏರು ಕಡಿದಾದಷ್ಟೂ ಸ್ವಂತ ಉದ್ಯಮಕ್ಕೆ ಇಳಿಯುವವರು ಕಡಿಮೆ. ಇದಕ್ಕೆ ಎದುರಾಗಿ ಜೂಲಿ ಕಲೆನ್ ಮತ್ತು ರೋಜರ್ ಗಾರ್ಡನ್ 2007ರಲ್ಲಿ, ವೈಯಕ್ತಿಕ ತೆರಿಗೆ ಇಳಿಸಿದರೆ ಉದ್ಯಮಶೀಲತೆ ಕುಗ್ಗಲೂಬಹುದು ಎಂದು ತೋರಿಸಿದರು. ಎರಡೂ ಹೇಗೆ ಸರಿ? ಅಮೆರಿಕದಲ್ಲಿ ಸ್ವಂತ ವ್ಯಾಪಾರದ ನಷ್ಟವನ್ನು ಸಂಬಳದಿಂದ ಕಳೆಯಬಹುದು. ಅಲ್ಲಿ ದರ ಹೆಚ್ಚಿದ್ದಷ್ಟೂ ನಷ್ಟದಲ್ಲಿ ಸರ್ಕಾರದ ಪಾಲೂ ಹೆಚ್ಚು. ಗೆದ್ದ ಮೇಲೆ ಕಂಪನಿ ಮಾಡಿಕೊಂಡು ಕಡಿಮೆ ದರದ ಕಡೆ ಜಾರಿಕೊಳ್ಳುವ ದಾರಿಯೂ ತೆರೆದಿದೆ.

ಅಮೆರಿಕದ ಈ ಅಧ್ಯಯನಗಳನ್ನು ಹಿಡಿದು ನಮ್ಮ ಪತ್ರಿಕೆಗಳಲ್ಲಿ ವಾದ ಹೂಡುವವರು ಈ ಒಂದು ವ್ಯತ್ಯಾಸವನ್ನು ದಾಟಿ ಹೋಗುತ್ತಾರೆ. ಭಾರತದಲ್ಲಿ ವ್ಯಾಪಾರದ ನಷ್ಟವನ್ನು ಬಾಡಿಗೆಯಿಂದ ಕಳೆಯಬಹುದು, ಬ್ಯಾಂಕ್ ಬಡ್ಡಿಯಿಂದ ಕಳೆಯಬಹುದು, ಸಂಬಳದಿಂದ ಮಾತ್ರ ಕಳೆಯುವಂತಿಲ್ಲ. 2004ರಲ್ಲಿ ಕಾನೂನಿಗೆ ಈ ಬೇಲಿ ಹಾಕಿದ್ದು. ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ಮುಂದೆ ಬರುವ ವ್ಯಾಪಾರದ ಲಾಭದೆದುರು ಮಾತ್ರ. ವ್ಯಾಪಾರವೇ ಮುಚ್ಚಿ, ಹೊಸದು ಯಾವುದನ್ನೂ ಹಿಡಿಯದವನಿಗೆ ಆ ನಷ್ಟ ಹಳೇ ಲಾಟರಿ ಚೀಟಿಯಷ್ಟೇ ಬೆಲೆಯದ್ದು.

ಸಂಬಳದ ಮನೆಯ ಎರಡನೇ ದುಡಿಮೆ

ಕಾರವಾರ ಸಂಬಳದ ಊರು. ಕೈಗಾ ಅಣುಸ್ಥಾವರ, ಐಎನ್‌ಎಸ್ ಕದಂಬ ನೌಕಾನೆಲೆ, ಜಿಲ್ಲಾ ಕೇಂದ್ರದ ಕಚೇರಿಗಳು, ಬಿಣಗಾದ ಕಾರ್ಖಾನೆ, ಬ್ಯಾಂಕುಗಳು. ತಿಂಗಳ ಕೊನೆಗೆ ಖಾತೆಗೆ ಬೀಳುವ ಹಣದಲ್ಲಿ ಸ್ವಲ್ಪ ಉಳಿಯುತ್ತದೆ, ಅದನ್ನು ಎಲ್ಲಾದರೂ ತೊಡಗಿಸುವ ಆಸೆಯೂ ಇರುತ್ತದೆ.

ಖಾಸಗಿ ನೌಕರಿಯ ಒಬ್ಬರನ್ನು ತೆಗೆದುಕೊಳ್ಳೋಣ. ಸಂಬಳ 11.75 ಲಕ್ಷ. ಸಂಬಳದವರಿಗೆ ಸಿಗುವ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11 ಲಕ್ಷ, ತೆರಿಗೆ ಸೊನ್ನೆ. ಇವರು ಅಂಕೋಲಾ ಕಡೆಯ ಗೋಡಂಬಿಯನ್ನು ಪ್ಯಾಕ್ ಮಾಡಿ ಬೆಂಗಳೂರಿನ ಗಿರಾಕಿಗಳಿಗೆ ಆನ್‌ಲೈನಿನಲ್ಲಿ ಮಾರಲು ಶುರುಮಾಡಿ 3 ಲಕ್ಷ ಲಾಭ ಮಾಡಿದರು. ಒಟ್ಟು ಆದಾಯ 14 ಲಕ್ಷ. 12 ಲಕ್ಷವನ್ನು ಇಷ್ಟು ದಾಟಿದ ಮೇಲೆ ರಿಬೇಟು ಪೂರ್ತಿ ಹೋಯಿತು. ತೆರಿಗೆ 90 ಸಾವಿರ, ಸೆಸ್ ಸೇರಿ 93,600. ನಿನ್ನೆವರೆಗೆ ಏನೂ ಕಟ್ಟದಿದ್ದವರು 3 ಲಕ್ಷದ ಸಣ್ಣ ವ್ಯಾಪಾರಕ್ಕೆ ಶೇ 31.2 ತೆತ್ತರು. ಕೋಟಿ ದುಡಿಯುವ ಶ್ರೀಮಂತ ತನ್ನ ಕೊನೆಯ ರೂಪಾಯಿಗೆ ಕಟ್ಟುವುದಕ್ಕೆ ಇದು ಬಹಳ ದೂರವಿಲ್ಲ. ಅದೇ ವ್ಯಾಪಾರದಲ್ಲಿ 3 ಲಕ್ಷ ಕಳೆದುಕೊಂಡಿದ್ದರೆ? ಸಂಬಳದ ಲೆಕ್ಕದಲ್ಲಿ ಒಂದು ಪೈಸೆಯೂ ಅಲುಗುತ್ತಿರಲಿಲ್ಲ.

ಸರ್ಕಾರಿ ನೌಕರರು ಸ್ವತಃ ವ್ಯಾಪಾರ ಮಾಡುವಂತಿಲ್ಲ. ಹಾಗಾಗಿ ಅಂಥ ಮನೆಗಳಲ್ಲಿ ಹೆಂಡತಿ ಹೋಂಸ್ಟೇ, ಬಟ್ಟೆ ಅಂಗಡಿ, ಬ್ಯೂಟಿ ಪಾರ್ಲರ್ ಶುರುಮಾಡುತ್ತಾರೆ. ಬಂಡವಾಳ ಗಂಡನದ್ದು. ಇಲ್ಲಿ ಬರುತ್ತದೆ ಆಡಿಟರುಗಳು ಕ್ಲಬ್ಬಿಂಗ್ ಎನ್ನುವ ನಿಯಮ. ಗಂಡ ಸುಮ್ಮನೆ ಕೊಟ್ಟ ಹಣದಿಂದ ಹೆಂಡತಿ ನಡೆಸುವ ವ್ಯಾಪಾರದಲ್ಲಿ, ಆ ಹಣದ ಪ್ರಮಾಣಕ್ಕೆ ತಕ್ಕ ಲಾಭ ಗಂಡನ ಆದಾಯಕ್ಕೇ ಸೇರುತ್ತದೆ. 17 ಲಕ್ಷ ಸಂಬಳದ ಗಂಡ, ಪೂರ್ತಿ ಬಂಡವಾಳ ಅವನದ್ದೇ, ಲಾಭ ಎರಡೂವರೆ ಲಕ್ಷ ಎಂದರೆ ಅದು ಶೇ 20ರ ಸ್ಲ್ಯಾಬಿಗೆ ಬಿದ್ದು 52 ಸಾವಿರ ತೆರಿಗೆ. ಹೆಂಡತಿಯ ಸ್ವಂತ ಉಳಿತಾಯವೋ ತವರಿನವರು ಕೊಟ್ಟ ಹಣವೋ ಆಗಿದ್ದರೆ ಸೊನ್ನೆ. ನಷ್ಟವಾದರೆ ಆ ನಷ್ಟವೂ ಗಂಡನ ಲೆಕ್ಕಕ್ಕೇ ಬರುತ್ತದೆ. ಬಂದು ಬಾಗಿಲಲ್ಲೇ ನಿಲ್ಲುತ್ತದೆ, ಏಕೆಂದರೆ ಸಂಬಳದಿಂದ ವ್ಯಾಪಾರದ ನಷ್ಟ ಕಳೆಯುವಂತಿಲ್ಲ. ಲಾಭಕ್ಕೆ ಗಂಡನ ಎತ್ತರದ ಸ್ಲ್ಯಾಬ್, ನಷ್ಟಕ್ಕೆ ಏನೂ ಇಲ್ಲ. ಬ್ಯಾಂಕ್ ಮೂಲಕ ಸಾಲವಾಗಿ ಕೊಟ್ಟು, ನ್ಯಾಯವಾದ ಬಡ್ಡಿ ಪಡೆದು, ಕಾಗದಪತ್ರ ಇಟ್ಟುಕೊಂಡರೆ ಇದರಿಂದ ತಪ್ಪಿಸಿಕೊಳ್ಳಬಹುದು. ಗಂಡ ಹೆಂಡತಿ ನಡುವೆ ಬಡ್ಡಿ ಪತ್ರ ಬರೆದುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿವೆಯೋ!

ತೋಟದ ದುಡ್ಡು, ತೋಟದಾಚೆಯ ದುಡ್ಡು

ಘಟ್ಟದ ಮೇಲಿನ ಕಥೆ ಇನ್ನೂ ಸೂಕ್ಷ್ಮ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಸಂವಿಧಾನದ ಪ್ರಕಾರ ಅದು ರಾಜ್ಯಗಳ ವಿಷಯ. ಅಡಿಕೆ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿ ರಾಶಿ ಅಡಿಕೆಯನ್ನೋ, ಬೇಯಿಸದೆ ಒಣಗಿಸಿ ಚಾಲಿ ಅಡಿಕೆಯನ್ನೋ ಮಾಡಿ ಸೊಸೈಟಿಗೆ ಹಾಕುವವರೆಗಿನದೆಲ್ಲ ಕೃಷಿಯೇ, ಏಕೆಂದರೆ ಬೆಳೆಗಾರ ತನ್ನ ಮಾಲನ್ನು ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ಸಾಮಾನ್ಯವಾಗಿ ಮಾಡುವ ಕೆಲಸ ಅದು. ಅದೇ ಅಡಿಕೆಯನ್ನು ಕತ್ತರಿಸಿ, ಪರಿಮಳ ಬೆರೆಸಿ ಪೊಟ್ಟಣ ಕಟ್ಟಿದರೆ ವ್ಯಾಪಾರ. ಹಲಸಿನಕಾಯಿ ಮಾರಿದರೆ ಕೃಷಿ, ಚಿಪ್ಸ್ ಕರಿದು ಮಾರಿದರೆ ವ್ಯಾಪಾರ. ಮುರುಗಲು ಹಣ್ಣಿನ ಶರಬತ್ತಿನದೂ ಅದೇ ಪಾಡು. ಕಾಳುಮೆಣಸಿನ ಸಸಿ ಬೆಳೆಸಿ ಮಾರುವ ನರ್ಸರಿ ಕೃಷಿ, ಕಾನೂನಿನಲ್ಲೇ ಹಾಗೆ ಬರೆದಿದೆ. ಅದೇ ತೋಟದ ಅಂಚಿನಲ್ಲಿ ಪೆಟ್ಟಿಗೆ ಇಟ್ಟು ತೆಗೆದ ಜೇನು ಕೃಷಿಯಲ್ಲ. ಕೊಟ್ಟಿಗೆಯ ಹಾಲೂ ಅಲ್ಲ. ಘಟ್ಟದ ಕೆಳಗೆ ಹಿಡಿದ ಮೀನಂತೂ ಮೊದಲೇ ಅಲ್ಲ. ಬೋಟಿನವರು ‘ನಾವೂ ಸಮುದ್ರದ ರೈತರೇ’ ಎಂದರೂ ಆದಾಯ ತೆರಿಗೆಗೆ ಅವರು ವ್ಯಾಪಾರಿಗಳು.

ಹಾಗಾದರೆ ತೋಟದವನು ಮೌಲ್ಯವರ್ಧನೆಗೆ ಇಳಿದಾಗ ಏನಾಗುತ್ತದೆ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಇನ್ನೊಂದು ಆದಾಯ 4 ಲಕ್ಷ ದಾಟಿದಾಗ ಆ ಇನ್ನೊಂದರ ದರ ನಿಗದಿ ಮಾಡಲು ಕೃಷಿ ಆದಾಯವನ್ನು ಲೆಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಎರಡನ್ನೂ ಕೂಡಿಸಿ ತೆರಿಗೆ ಹಾಕಿ, ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿದರೆ ಬರುವ ತೆರಿಗೆಯನ್ನು ಅದರಿಂದ ಕಳೆಯುತ್ತಾರೆ. ಹೇಳಲು ತೊಡಕು, ಅಂಕಿ ಹಾಕಿದರೆ ಸುಲಭ.

ಇಬ್ಬರು ಗೆಳೆಯರು, ಇಬ್ಬರದೂ ಬೇರೆ ಬೇರೆ ಹಲಸಿನ ಚಿಪ್ಸ್ ಘಟಕ, ಇಬ್ಬರಿಗೂ ವರ್ಷಕ್ಕೆ 8 ಲಕ್ಷ ಲಾಭ. ಒಬ್ಬನಿಗೆ ತೋಟವಿಲ್ಲ. ಅವನ ತೆರಿಗೆ 20 ಸಾವಿರ, ರಿಬೇಟಿನಲ್ಲಿ ಸೊನ್ನೆ. ಇನ್ನೊಬ್ಬನಿಗೆ ಖರ್ಚು ಕಳೆದು 15 ಲಕ್ಷದ ಅಡಿಕೆ ಆದಾಯವಿದೆ. 23 ಲಕ್ಷಕ್ಕೆ ತೆರಿಗೆ 2,75,000. ಅದರಿಂದ 19 ಲಕ್ಷದ ಮೇಲಿನ 1,80,000 ಕಳೆದರೆ 95,000. ರಿಬೇಟು 60,000 ಹೋಗಿ 35,000, ಸೆಸ್ ಸೇರಿ 36,400. ಮೊತ್ತ ಪ್ರಾಣ ಹೋಗುವಷ್ಟೇನಲ್ಲ. ಆದರೆ ಅವನು ಇನ್ನೊಂದು ಯಂತ್ರ ಹಾಕಿ ಸ್ವಲ್ಪ ಹೆಚ್ಚು ದುಡಿದರೆ ಹೊಸ ಲಾಭದ ಮೊದಲ ರೂಪಾಯಿಯಿಂದಲೇ ಶೇ 25. ಗೆಳೆಯನಿಗೆ 12 ಲಕ್ಷದವರೆಗೆ ಸೊನ್ನೆಯೇ.

ತೋಟದವನ ಘಟಕ ನಷ್ಟಕ್ಕೆ ಬಿದ್ದರೆ ಆ ನಷ್ಟ ಯಾವುದರಿಂದ ಕಳೆಯಬೇಕು? ಅಡಿಕೆ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ಕಳೆದರೂ ಉಳಿಯುವುದೇನೂ ಇಲ್ಲ. ತನ್ನ ಪೂರ್ತಿ ನಷ್ಟವನ್ನು ತಾನೇ ಹೊರಬೇಕು. ಹೀಗಾಗಿ ಅದೇ ದುಡ್ಡಿನಲ್ಲಿ ಪಕ್ಕದ ಗದ್ದೆಯನ್ನೂ ಅಡಿಕೆ ತೋಟ ಮಾಡುವುದು ಅವನಿಗೆ ಸುಲಭದ ದಾರಿ. ಲಾಭ ಬಂದರೆ ತೆರಿಗೆ ಇಲ್ಲ, ಪುಸ್ತಕ ಇಲ್ಲ, ಜಿಎಸ್‌ಟಿ ಅಧಿಕಾರಿ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಭತ್ತದ ಗದ್ದೆಗಳು ತೋಟವಾಗುತ್ತಿರುವುದಕ್ಕೆ ಅಡಿಕೆ ಧಾರಣೆ, ಆಳಿನ ಅಭಾವ ಮುಖ್ಯ ಕಾರಣಗಳು, ಒಪ್ಪುತ್ತೇನೆ. ಆದರೆ ತೋಟದಲ್ಲಿ ಹುಟ್ಟಿದ ದುಡ್ಡು ಮರಳಿ ತೋಟಕ್ಕೇ ಅಥವಾ ಬೆಂಗಳೂರಿನ ಸೈಟಿಗೇ ಹೋಗಿ, ಊರಿನಲ್ಲಿ ನಾಲ್ಕು ಜನರಿಗೆ ಕೆಲಸ ಕೊಡುವ ಘಟಕಕ್ಕೆ ಬಾರದಿರುವುದರಲ್ಲಿ ತೆರಿಗೆಯ ಈ ಓರೆಯೂ ಸ್ವಲ್ಪ ಮಟ್ಟಿಗೆ ಕೈಯಾಡಿಸಿದೆ. ‘ಸಿರ್ಸಿ ಸುಪಾರಿ’ಗೆ ಭೌಗೋಳಿಕ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಮಾನ್ಯತೆಯ ಹೆಸರನ್ನು ದುಡ್ಡಾಗಿಸಬೇಕಾದರೆ ಬೆಳೆಗಾರ ಬೆಳೆಗಾರನಾಗಿಯೇ ಉಳಿದರೆ ಸಾಲದು.

ಕೂಡುಕುಟುಂಬದವರಿಗೆ ಇನ್ನೊಂದು ಸುಳಿ. ತೋಟ ಅವಿಭಕ್ತ ಕುಟುಂಬದ ಹೆಸರಿನಲ್ಲಿದೆ, ಘಟಕವೂ ಅದರ ಹೆಸರಿನಲ್ಲೇ ಇರಲಿ ಎಂದು ಹಿರಿಯರು ಹೇಳುವುದು ಸಹಜ. ಆದರೆ ರಿಬೇಟು ವ್ಯಕ್ತಿಗೆ ಮಾತ್ರ. ಅವಿಭಕ್ತ ಕುಟುಂಬಕ್ಕೆ 12 ಲಕ್ಷದ ವ್ಯಾಪಾರ ಆದಾಯವಿದ್ದರೆ, ಕೃಷಿ ಆದಾಯ ಬದಿಗಿಟ್ಟರೂ, 62,400 ತೆರಿಗೆ. ಅಷ್ಟೇ ಗಳಿಸುವ ಒಂಟಿ ವ್ಯಾಪಾರಿಗೆ ಸೊನ್ನೆ. ಮಂಡಿಯಲ್ಲಿ ದಲಾಲಿ ಮಾಡುವವರಿಗೆ ರಿಬೇಟು ಉಂಟು, ಆದರೆ 44ಎಡಿ ಇಲ್ಲ. ಕಮಿಷನ್ ವ್ಯವಹಾರವನ್ನು ಅದರಿಂದ ಹೊರಗಿಟ್ಟಿದ್ದಾರೆ.

ನಾಲ್ಕು ಜನ ಸೇರಿದರೆ

ಕರಾವಳಿಯ ದೊಡ್ಡ ವ್ಯವಹಾರಗಳು ಒಬ್ಬರ ಕೈಲಾಗುವಂಥವಲ್ಲ. ಬೈತಖೋಲ ಬಂದರಿನಲ್ಲಾಗಲಿ ತದಡಿ ಬಂದರಿನಲ್ಲಾಗಲಿ ದೊಡ್ಡ ಬಲೆ ಬೀಸುವ ಪರ್ಸಿನ್ ಬೋಟು, ಬಲೆ, ಇಂಜಿನ್ ಎಂದರೆ ಹಲವರು ಸೇರಲೇಬೇಕು. ವರ್ಷಕ್ಕೆ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಸಾಲದ ಕಂತಿಗೆ ಆ ರಜೆ ಇಲ್ಲ. ಇಷ್ಟು ಅಪಾಯವಿರುವಲ್ಲಿ ಅದನ್ನು ಹಂಚಿಕೊಳ್ಳುವುದು ಬುದ್ಧಿವಂತಿಕೆ. ಕಾನೂನು ಅದನ್ನು ನೋಡುವ ಬಗೆಯೇ ಬೇರೆ.

ಪಾಲುದಾರಿಕೆ ಸಂಸ್ಥೆಗೆ ಸ್ಲ್ಯಾಬ್ ಇಲ್ಲ, ರಿಬೇಟು ಇಲ್ಲ. ಲಾಭದ ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ 31.2. ಇಬ್ಬರು ಸೇರಿ ನಡೆಸುವ ಸಂಸ್ಥೆ 12 ಲಕ್ಷ ಅಂದಾಜು ಆದಾಯ ತೋರಿಸಿದರೆ ತೆರಿಗೆ 3,74,400. ಪುಸ್ತಕ ಇಟ್ಟು, ಪಾಲುದಾರಿಕೆ ಪತ್ರದಲ್ಲಿ ಬರೆದು, ದುಡಿಯುವ ಪಾಲುದಾರರಿಗೆ ಕಾನೂನು ಬಿಡುವಷ್ಟು ಸಂಬಳ ಕೊಟ್ಟರೆ ಹೊರೆ ಇಳಿಯುತ್ತದೆ. ಮೊದಲ 6 ಲಕ್ಷದ ಲಾಭದಲ್ಲಿ ಶೇ 90, ಉಳಿದದ್ದರಲ್ಲಿ ಶೇ 60 ಎಂದು ಮಿತಿ. ಒಟ್ಟು 9 ಲಕ್ಷ ಸಂಬಳವಾಗಿ ಹೋಗಿ, ಬಾಕಿ 3 ಲಕ್ಷಕ್ಕೆ 93,600 ತೆರಿಗೆ. ಒಬ್ಬನೇ ನಡೆಸಿದ್ದರೆ ಪೂರ್ತಿ 12 ಲಕ್ಷಕ್ಕೂ ಸೊನ್ನೆ. ಸಾಲದ್ದಕ್ಕೆ 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20 ಸಾವಿರ ದಾಟಿದರೆ ಶೇ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿಯಬೇಕು. ತನ್ನದೇ ಅಂಗಡಿಯಿಂದ ತಾನೇ ತೆಗೆದುಕೊಳ್ಳುವ ಹಣಕ್ಕೆ ಟಿಡಿಎಸ್!

ಇದರ ಫಲ ಏನೆಂದು ಯಾರೂ ಸಂಶೋಧನೆ ಮಾಡಬೇಕಿಲ್ಲ. ದುಡ್ಡು ನಾಲ್ವರದ್ದು, ದಾಖಲೆಯಲ್ಲಿ ಹೆಸರು ಒಬ್ಬನದ್ದು. ಚೆನ್ನಾಗಿ ನಡೆಯುವಷ್ಟು ದಿನ ಎಲ್ಲವೂ ಸರಿ. ಹೆಸರಿನವನು ತೀರಿಕೊಂಡರೆ ಅಥವಾ ಮನಸ್ಸು ಬದಲಿಸಿದರೆ ಉಳಿದ ಮೂವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಕಂಪನಿ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಮಾಡಿಕೊಳ್ಳಬಹುದು. ಶೇ 22ರ ದರ ಸರ್ಚಾರ್ಜ್, ಸೆಸ್ ಸೇರಿ 25.17ಕ್ಕೆ ನಿಲ್ಲುತ್ತದೆ. ಮನ್ನಣೆ ಪಡೆದ ಸ್ಟಾರ್ಟಪ್‌ಗಳಿಗೆ 10 ವರ್ಷಗಳಲ್ಲಿ 3 ವರ್ಷ ಲಾಭಕ್ಕೆ ಪೂರ್ತಿ ವಿನಾಯಿತಿಯೂ ಉಂಟು, ಅವುಗಳಿಗೆ ಬರುವ ಹೂಡಿಕೆಯ ಮೇಲೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ ಕೂಡ 2024ರಲ್ಲಿ ಹೋಯಿತು. ಇವೆಲ್ಲ ಬೆಂಗಳೂರಿಗೆ ಹೊಲಿದ ಅಂಗಿಗಳು. ಗೋಕರ್ಣದಲ್ಲಿ ಆರು ತಿಂಗಳು ನಡೆದು ಮಳೆಗಾಲದಲ್ಲಿ ಮುಚ್ಚುವ ಕೆಫೆಗೆ ಆಡಿಟ್, ವಾರ್ಷಿಕ ಸಭೆ, ರಿಜಿಸ್ಟ್ರಾರ್‌ಗೆ ಅರ್ಜಿ ಎಂದರೆ ಲಾಭದಲ್ಲಿ ಒಂದು ತುಂಡು ಅಲ್ಲೇ ಹೋಯಿತು.

ಕೆಟ್ಟ ವರ್ಷ ಬಂದರೆ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ನದಿಗೆ ಬಿತ್ತು. ಹೋದ ಜೀವಗಳ ಮುಂದೆ ವ್ಯಾಪಾರದ ಮಾತು ಸಣ್ಣದು. ಆದರೂ ಹೆದ್ದಾರಿಯ ಓಡಾಟವನ್ನೇ ನಂಬಿದ ಹೋಟೆಲು, ಗ್ಯಾರೇಜುಗಳಿಗೆ ಅಂಥ ಮಳೆಗಾಲ ಏನು ಮಾಡುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತು. ಆಗ 44ಎಡಿಯ ಇನ್ನೊಂದು ಮುಖ ಕಾಣುತ್ತದೆ. ಅದರಲ್ಲಿ ನಷ್ಟ ಎಂಬುದೇ ಇಲ್ಲ. ವ್ಯಾಪಾರ ಮುಳುಗಿದರೂ ವಹಿವಾಟಿನ ಶೇ 6 ಅಥವಾ 8 ಆದಾಯ ಇದ್ದೇ ಇದೆ ಎಂದು ಕಾನೂನು ಭಾವಿಸುತ್ತದೆ. ನಷ್ಟ ತೋರಿಸಬೇಕೆಂದರೆ ಅದರಿಂದ ಹೊರಬರಬೇಕು. ಒಮ್ಮೆ ಅದರಲ್ಲಿದ್ದು ಹೀಗೆ ನಡುವೆ ಹೊರಬಂದರೆ ಮುಂದಿನ 5 ವರ್ಷ ಮರಳುವಂತಿಲ್ಲ. ಆದಾಯ ಮಿತಿ ದಾಟಿದ ವರ್ಷಗಳಲ್ಲಿ ಆಡಿಟ್ ಕೂಡ ಮಾಡಿಸಬೇಕು. ಒಂದು ಕೆಟ್ಟ ವರ್ಷವನ್ನು ಇದ್ದದ್ದಿದ್ದಂತೆ ಹೇಳಿದ್ದಕ್ಕೆ ಐದು ವರ್ಷದ ದಂಡ ಎಂದು ವ್ಯಾಪಾರಿ ಭಾವಿಸಿದರೆ ತಪ್ಪೇನು?

12 ಲಕ್ಷದ ಗೆರೆಯೂ ಒಂದು ವಿಚಿತ್ರ ಜಾಗ. ಅದನ್ನು ಸ್ವಲ್ಪವೇ ದಾಟಿದವನಿಗೆ ಮಾರ್ಜಿನಲ್ ರಿಲೀಫ್ ಇದೆ: ದಾಟಿದಷ್ಟನ್ನೇ ತೆರಿಗೆಯಾಗಿ ಕಟ್ಟಿದರೆ ಸಾಕು. ಎಂದರೆ 12,30,000 ಗಳಿಸಿದವನು 30,000 ತೆರಿಗೆ, ಮೇಲೆ 1,200 ಸೆಸ್ ಕಟ್ಟಿ, ಸರಿಯಾಗಿ 12 ಲಕ್ಷ ಗಳಿಸಿದವನಿಗಿಂತ 1,200 ಕಡಿಮೆ ಕೈಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಸುಮಾರು 12,70,000ದವರೆಗೂ ಇದೇ ಕಥೆ. ಸಂಬಳದವರಿಗೆ ಈ ಗೆರೆ 12.75 ಲಕ್ಷದಲ್ಲಿ. ಸ್ವಂತ ಉದ್ಯಮದವರಿಗೆ ಆ 75 ಸಾವಿರದ ರಿಯಾಯಿತಿ ಇಲ್ಲ. ಫೆಬ್ರವರಿ ಹೊತ್ತಿಗೆ ಕೆಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕೆಟ್ಟುಹೋಗಲು ಇದೂ ಒಂದು ಕಾರಣ ಇರಬೇಕು.

ಕ್ಯೂಆರ್ ಕೋಡಿನ ಮಾತು ಬಂದಾಗ 2025ರ ಜುಲೈ ನೆನಪಾಗುತ್ತದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ಎದ್ದವು. ಅದು ಜಿಎಸ್‌ಟಿ ವಿಷಯ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಆದಾಯ ತೆರಿಗೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಆಡಿಟರ್ ಎಷ್ಟು ಹೇಳಿದರೂ ಅಂಗಡಿಯವನ ಮನಸ್ಸಿನಲ್ಲಿ ಎರಡೂ ಒಂದೇ ‘ಟ್ಯಾಕ್ಸ್‌ನವರು’. ಹೊಸಬನನ್ನು ಹೆದರಿಸುವ ವಿಷಯಕ್ಕೆ ಬಂದರೆ ಶೇ 30ರ ಸ್ಲ್ಯಾಬಿಗಿಂತ ಒಂದು ನೋಟಿಸಿನ ವಾಟ್ಸ್‌ಆ್ಯಪ್ ಫೋಟೋ ಹೆಚ್ಚು ಪರಿಣಾಮಕಾರಿ.

ದರ ಇಳಿಸುವುದಕ್ಕಿಂತ ಅಗ್ಗದ ದಾರಿ

ಹಾಗಾಗಿ ದರ ಇನ್ನೂ ಇಳಿಸಿ ಎಂದು ಕೇಳುವುದರಲ್ಲಿ ನನಗೆ ಆಸಕ್ತಿ ಇಲ್ಲ. ನಷ್ಟದ ಬಾಗಿಲನ್ನು ಸ್ವಲ್ಪ ತೆರೆಯಿರಿ ಎಂದು ಕೇಳಬೇಕು. ಇದಕ್ಕೆ ಮಾದರಿ ನಮ್ಮ ಕಾನೂನಿನಲ್ಲೇ ಇದೆ. ಹಳೆಯ ಪದ್ಧತಿಯಲ್ಲಿ ಸಾಲ ಮಾಡಿ ಮನೆ ಕೊಂಡವನ ‘ಗೃಹ ಆಸ್ತಿ ನಷ್ಟ’ವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಲು ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವನ ಬಡ್ಡಿಯಲ್ಲಿ ಪಾಲು ಹೊತ್ತ ಸರ್ಕಾರಕ್ಕೆ, ಕುಮಟೆಯಲ್ಲಿ ಅಂಗಡಿ ಹಾಕಿದವನ ನಷ್ಟದಲ್ಲಿ ಅಷ್ಟೇ ಪಾಲು ಹೊರುವುದು ಅಸಾಧ್ಯವಾಗಬೇಕಿಲ್ಲ.

ಸುಳ್ಳು ನಷ್ಟ ತೋರಿಸಿ ಸಂಬಳದ ತೆರಿಗೆ ಉಳಿಸುತ್ತಾರೆ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಹೆಸರಿಗೊಂದು ಸಲಹಾ ಸಂಸ್ಥೆ ತೆರೆದು ಕಾರಿನ ಖರ್ಚನ್ನೆಲ್ಲ ಅದಕ್ಕೆ ಬರೆಯುವವರು ಇದ್ದೇ ಇದ್ದಾರೆ. 2 ಲಕ್ಷದ ಮಿತಿ ಹಾಕಿ, ಹೊಸ ಉದ್ಯಮದ ಮೊದಲ ಕೆಲವು ವರ್ಷಗಳಿಗೆ ಮಾತ್ರ ಬಿಟ್ಟು, ಸಣ್ಣ ಉದ್ಯಮಗಳ ಸರ್ಕಾರಿ ‘ಉದ್ಯಮ್’ ನೋಂದಣಿಯೂ ಲೆಕ್ಕಪುಸ್ತಕವೂ ಕಡ್ಡಾಯ ಎಂದರೆ ಆ ಆಟಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ಸಣ್ಣ ಪಾಲುದಾರಿಕೆಗಳಿಗೆ ಮೊದಲ ಒಂದಷ್ಟು ಲಕ್ಷಕ್ಕೆ ಸ್ಲ್ಯಾಬ್ ಕೊಡುವುದು ಇದಕ್ಕಿಂತಲೂ ಸುಲಭ. ತೋಟದವರ ವಿಷಯದಲ್ಲಿ ನನ್ನ ಅಭಿಪ್ರಾಯ ಊರಿನಲ್ಲಿ ಯಾರಿಗೂ ಹಿಡಿಸಲಿಕ್ಕಿಲ್ಲ: ಕೃಷಿಗೆ ಪೂರ್ತಿ ವಿನಾಯಿತಿ, ಮೌಲ್ಯವರ್ಧನೆಗೆ ಪೂರ್ತಿ ತೆರಿಗೆ ಎಂಬ ಈ ಕಡಿದಾದ ಅಂಚು ಇರುವವರೆಗೆ ಹಲಸು ಕೊಳೆಯುತ್ತಲೇ ಇರುತ್ತದೆ. ಕಾಫಿ, ಚಹಾ, ರಬ್ಬರಿಗೆ ಇರುವಂತೆ ಬೆಳೆದವನೇ ಸಂಸ್ಕರಿಸಿದ ಮಾಲಿನ ಆದಾಯದಲ್ಲಿ ಒಂದು ಭಾಗವನ್ನಷ್ಟೇ ವ್ಯಾಪಾರ ಎಂದು ಪರಿಗಣಿಸುವ ನಿಯಮವನ್ನು ಹಲಸು, ಮುರುಗಲಿಗೂ ತರಬಹುದು. ಬೆಳೆದೇ ಸಂಸ್ಕರಿಸುವ ಕಾಫಿ ಬೆಳೆಗಾರನಿಗೆ, ಹುರಿಯುವ ಮುನ್ನವೇ ಮಾರಿದರೆ, ಆದಾಯದ ಶೇ 25 ಮಾತ್ರ ಈ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಕೊಡಗಿಗೆ ಒಪ್ಪಿದ್ದು ಶಿರಸಿಗೆ ಒಪ್ಪದಿರಲು ಕಾರಣ ಕಾಣೆ.

ಇವೆಲ್ಲ ಆಗುವಾಗ ಆಗಲಿ. ಈ ವರ್ಷ ಅಂಗಡಿಯೋ ಹೋಂಸ್ಟೇಯೋ ತೆರೆದು ಕೈಸುಟ್ಟುಕೊಂಡವರು ಮಾಡಬೇಕಾದ್ದು ಒಂದಿದೆ. ತೆರಿಗೆ ಇಲ್ಲವಲ್ಲ, ರಿಟರ್ನ್ ಏಕೆ ಎಂದು ಸುಮ್ಮನಿರಬೇಡಿ. ಗಡುವಿನೊಳಗೆ ರಿಟರ್ನ್ ಸಲ್ಲಿಸದಿದ್ದರೆ ವ್ಯಾಪಾರದ ನಷ್ಟವನ್ನು ಮುಂದಕ್ಕೆ ಒಯ್ಯುವ ಹಕ್ಕೇ ಹೋಗುತ್ತದೆ, ತಡವಾಗಿ ದಂಡ ಕಟ್ಟಿ ಸಲ್ಲಿಸಿದರೂ ಅದು ಮರಳಿ ಬರುವುದಿಲ್ಲ. ಬಿಲ್ಲು, ಬಾಡಿಗೆ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ. ಮುಂದೆ ಬ್ಯಾಂಕಿನವರು ಸಾಲಕ್ಕೆ ಹಿಂದಿನ ವರ್ಷಗಳ ರಿಟರ್ನ್ ಕೇಳಿದಾಗಲೂ ಅವೇ ಕಾಗದಗಳು ಬೇಕಾಗುತ್ತವೆ.